ಕುರ್ಚಿಯಲ್ಲಿ ಕೂತವರ ಮಾತು

೧೪ ನವೆಂಬರ್, ಮಧ್ಯಾಹ್ನ
ಕ್ಷೌರದ ಅಂಗಡಿಯ ಬೆಂಚಿನ ಮೇಲೆ

ಪ್ರೀತಿಯ ಏಣಿಗೆ,

ಅಪ್ಪನ ಆಶೀರ್ವಾದ. ನಾವಿಬ್ಬರೂ ಚೆನ್ನಾಗಿದ್ದೇವೆ. ಉತ್ತರ ತಡವಾಯಿತು, ಬೈಯಬೇಡ. ಅಂಗಡಿಗೆ ಬಣ್ಣ ಹೊಡೆಸಿದೆ, ದೊಡ್ಡ ಕನ್ನಡಿ ಇಳಿಸಿ ಏರಿಸುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತು. ಫೋನು ಮಾಡಬಹುದಿತ್ತು ನಿಜ. ಆದರೆ ಫೋನಿನಲ್ಲಿ ನಮ್ಮಿಬ್ಬರ ಮಾತು 'ಊಟ ಆಯ್ತಾ', 'ಹೂಂ ಆಯ್ತು' ದಾಟುವುದೇ ಇಲ್ಲವಲ್ಲ. ಪೆನ್ನು ಹಿಡಿದರೆ ಮಾತ್ರ ನನಗೆ ಬಾಯಿ ಬರುತ್ತದೆ.

ಅಂಗಡಿಯ ಸುದ್ದಿ ಹೇಳುತ್ತೇನೆ, ನಗು. ನೀನು ಲೀಗ್ ತಂಡಕ್ಕೆ ಸೇರಿದಾಗಿನಿಂದ ನನ್ನ ಗಿರಾಕಿಗಳೆಲ್ಲ ಬ್ಯಾಸ್ಕೆಟ್‌ಬಾಲ್ ಪಂಡಿತರಾಗಿಬಿಟ್ಟರು. ಕುರ್ಚಿಯಲ್ಲಿ ಕೂತವರದೇ ಮಾತು, ಕೊರಳಿನ ಬಟ್ಟೆ ಬಿಚ್ಚುವ ತನಕ ಬೆಂಚಿನವರು ಬಾಯಿ ಹಾಕುವ ಹಾಗಿಲ್ಲ ಅಂತ ನಿಮ್ಮ ತಾತ ಮಾಡಿಟ್ಟ ನಿಯಮ ಇತ್ತಲ್ಲ, ಅದೊಂದು ಇಲ್ಲದಿದ್ದರೆ ಅಂಗಡಿ ಸಂತೆಯಾಗುತ್ತಿತ್ತು.

ಕೋಚ್ ನಿನ್ನನ್ನು ನಾಲ್ಕೇ ನಿಮಿಷ ಆಡಿಸುವುದು ಯಾಕೆ ಎಂಬುದು ಮೊದಲನೇ ಜಗಳ. ಔಷಧಿ ಅಂಗಡಿಯವರು ಕ್ಷೌರಕ್ಕೆ ಕೂತು ಭಾಷಣ ಶುರು ಮಾಡಿದರು. "ಹೊಸಬರನ್ನ ಬೆಂಚಲ್ಲಿ ಕೂರಿಸಿ ಹದ ಮಾಡ್ಬೇಕು. ತಾಳಿದವನು ಬಾಳಿಯಾನು ಅಂತ ಸುಮ್ನೆ ಹೇಳಿದ್ರಾ?" ಕತ್ತಿ ಗಂಟಲ ಹತ್ತಿರ ಬಂತು ನೋಡು, ದನಿ ಬದಲಾಯಿತು. "ಹಾಗಂತ ನಿಮ್ಮ ಮಗಳಿಗೂ ಒಂದು ಅವಕಾಶ ಕೊಡ್ಬೇಕಪ್ಪ, ಇಲ್ಲ ಅನ್ನಲ್ಲ!"

ಅವರು ಏಳುವುದೇ ತಡ, ಬೆಂಚಿನಲ್ಲಿ ಕುದಿಯುತ್ತಿದ್ದ ಬಸ್ ಕಂಡಕ್ಟರ್ ಬಂದು ಕುರ್ಚಿ ಹಿಡಿದರು. ಅವರ ತಲೆ ನಿನಗೆ ಗೊತ್ತು, ದೀಪ ಬೇಡ.

"ಕಟಿಂಗ್ ಮಾಡಿ," ಅಂದರು.

"ಏನ್ ಕಟ್ ಮಾಡ್ಲಿ ಕಂಡಕ್ಟ್ರೇ?"

"ಏನಾದ್ರೂ ಮಾಡ್ರೀ, ನಂಗೆ ಮಾತಾಡ್ಬೇಕು! ನೀರಿಗೇ ಇಳಿಸ್ದೆ ಈಜು ಬರಲ್ಲ ಅಂದ್ರೆ ಏನ್ ನ್ಯಾಯ? ನಾಲ್ಕು ನಿಮಿಷದಲ್ಲಿ ಬೆವರೂ ಬರಲ್ಲ. ತಾಳಿ ತಾಳಿ ಹುಡುಗಿ ಅಜ್ಜಿ ಆಗೋಗ್ತಾಳೆ!"

ನಾನು ಅವರ ಬೋಳುತಲೆಯ ಮೇಲೆ ಬರೀ ಕತ್ತರಿ ಆಡಿಸುತ್ತಾ ನಿಂತೆ.

ಆಮೇಲೆ ಕ್ಲಬ್ಬಿನವರು ಒಬ್ಬ ಹಿರಿಯ ಆಟಗಾರ್ತಿಯನ್ನು ನಿಮ್ಮ ತಂಡಕ್ಕೆ ತರುತ್ತಾರೆ ಎಂಬ ಸುದ್ದಿ ಬಂತು. ಆಕೆಯ ಎತ್ತರ ನೋಡಿ ನಮ್ಮವರು 'ಕ್ರೇನ್' ಅಂತ ಹೆಸರಿಟ್ಟರು. ಆಕೆ ಆಡುವುದೂ ನಿನ್ನ ಜಾಗದಲ್ಲೇ. ತಂಡದಲ್ಲಿ ಇರುವುದು ಹನ್ನೆರಡು ಸ್ಥಾನ, ಒಬ್ಬರು ಬಂದರೆ ಒಬ್ಬರು ಹೋಗಲೇಬೇಕು. ಯಾರು ಹೋಗಬೇಕು ಅಂತ ಇಲ್ಲಿ ಕೈ ಕೈ ಮಿಲಾಯಿಸುವುದೊಂದು ಬಾಕಿ. "ಈ ವರ್ಷದ ಕಪ್ಪಿಗೋಸ್ಕರ ಮುಂದಿನ ಹತ್ತು ವರ್ಷ ಮಾರ್ಕೊಳ್ತಾರಾ?" ಅಂತ ಕಂಡಕ್ಟರು. "ಮುಂದಿನ ಹತ್ತು ವರ್ಷ ನಾನಿರ್ತೀನಾ? ಕಪ್ ಈಗ್ಲೇ ಬೇಕು," ಅಂತ ಔಷಧಿಯವರು. ನನ್ನನ್ನು ಕೇಳಿದರೆ ನಾನು ಯಾವ ಪಕ್ಷವೂ ಅಲ್ಲ ಅಂದೆ. ಯಾರೂ ನಂಬಲಿಲ್ಲ.

ಈಚೆಗೆ ಚರ್ಚೆ ತಣ್ಣಗಾಗಿದೆ. ಚಳಿ, ಟಿಕೆಟ್ ದರ, ಮೊಣಕಾಲು ನೋವು, ಬರೀ ಇವೇ. ಟಿವಿಯಲ್ಲಿ ಪಂದ್ಯ ಹಾಕಲು ಹೋದರೆ ಕಂಡಕ್ಟರು "ಹಾಡು ಹಾಕಿ, ಹಾಡು," ಅನ್ನುತ್ತಾರೆ. ಆ ಮನುಷ್ಯನಿಗೆ ಹಾಡು ಅಂದರೆ ತಲೆನೋವು.

ನಿಮ್ಮಮ್ಮನ ಹೊಲಿಗೆ ಕೆಲಸ ಜೋರಾಗಿದೆ, ಮದುವೆ ಬಟ್ಟೆ ತುಂಬಾ ಬಂದಿವೆ. ಆಟದ ತಲೆಬುಡ ಅವಳಿಗೆ ಇವತ್ತಿಗೂ ತಿಳಿಯದು. ಆದರೂ ನಿಮ್ಮ ತಂಡದ ಪಂದ್ಯವೆಂದರೆ ಮಿಷನ್ ನಿಲ್ಲಿಸಿ ಟಿವಿಗೆ ಮೂಗು ಹಚ್ಚಿ ಕೂರುತ್ತಾಳೆ. ಚೆಂಡು ಎಲ್ಲಿದ್ದರೂ ಅವಳಿಗೆ ಬೇಕಾದ್ದು ನೀನು ಕೂರುವ ಬೆಂಚು. ಮೊನ್ನೆ ಬೆಂಚನ್ನು ತೋರಿಸುವಷ್ಟರಲ್ಲಿ ಚಿತ್ರ ಬದಲಾಯಿತು. "ಕ್ಯಾಮೆರಾದೋನ ಕೈ ಸೇದೋಗ! ಮಗು ಮುಖ ಒಂಚೂರು ತೋರ್ಸಿದ್ರೆ ಇವನ ಗಂಟೇನು ಹೋಗ್ತಿತ್ತು?" ಅಂದಳು.

ನಿನ್ನನ್ನು ನೋಡಬೇಕು ಅನ್ನಿಸುತ್ತದೆ ಮಗಳೇ. ಅಂಥ ಕಾರಣವೇನಿಲ್ಲ. ಮೇಲಿನ ಕಪಾಟಿನಿಂದ ಟವೆಲ್ ತೆಗೆಯಲು ಈಗ ಸ್ಟೂಲ್ ಹತ್ತುತ್ತೇನೆ, ನೀನೆಂಬ ಏಣಿ ಇದ್ದಾಗ ಸ್ಟೂಲ್ ಎಲ್ಲಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ಹತ್ತಿದಾಗೆಲ್ಲ ನಿನ್ನ ನೆನಪಾಗುತ್ತದೆ. ಆಮೇಲೆ ಗಿರಾಕಿ ಕರೆಯುತ್ತಾನೆ, ಇಳಿಯುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ಪಾದದ ನೋವಿಗೆ ಬಿಸಿನೀರಿನ ಶಾಖ ತಪ್ಪಿಸಬೇಡ. ಹೋದಲ್ಲೆಲ್ಲ ನಿನಗೆ ಒಳ್ಳೆಯವರೇ ಸಿಗಲಿ, ಬಿದ್ದಲ್ಲಿ ನೆಲ ಮೆತ್ತಗಿರಲಿ.

ಇಂತಿ,
ನಿನ್ನ ಅಪ್ಪ

ತಾ.ಕ.: ಬರೆಯಲು ಮರೆತಿದ್ದೆ ಅಂದರೆ ಸುಳ್ಳಾಗುತ್ತದೆ. ಹೋದ ಶನಿವಾರ ಒಬ್ಬ ಹೊಸ ಗಿರಾಕಿ ಬಂದ, ಬಸ್ಸಿಗೆ ಇನ್ನೂ ಹೊತ್ತಿತ್ತಂತೆ. ನಾನು ಯಾರ ಅಪ್ಪ ಅಂತ ಅವನಿಗೇನು ಗೊತ್ತು? ಮುಖಕ್ಕೆ ನೊರೆ ಹಚ್ಚುತ್ತಿದ್ದಂತೆ ಶುರು ಮಾಡಿದ. "ಕ್ರೇನ್ ಬಂದಿದ್ದೇ ಬಂದಿದ್ದು, ಆ ಹೊಸ ಹುಡುಗೀನ ತಂಡದಿಂದ ಬಿಟ್ರಲ್ಲ, ತಿಂಗಳಾಯ್ತು. ಒಳ್ಳೇ ಕೆಲ್ಸ ಮಾಡಿದ್ರು." ಕಂಡಕ್ಟರು ಬೆಂಚಿನಿಂದ ದಡಕ್ಕನೆ ಎದ್ದರು. "ಸ್ವಾಮಿ, ಬೇರೆ ಏನಾದ್ರೂ ಮಾತಾಡಿ!" ನಾನು ಅವರನ್ನು ಕೂರಿಸಿದೆ. "ಕೂತ್ಕೊಳ್ಳಿ ಕಂಡಕ್ಟ್ರೇ. ಕುರ್ಚೀಲಿರೋರು ಮಾತು ಮುಗಿಸ್ಲಿ," ಅಂದೆ. ಅವನು ಮುಗಿಸಿದ, ನಾನೂ ಕ್ಷೌರ ಮುಗಿಸಿದೆ, ಎಲ್ಲೂ ಗಾಯವಾಗಲಿಲ್ಲ. ಬೆಂಚಿನಲ್ಲಿ ಯಾರೂ ತಲೆ ಎತ್ತಲಿಲ್ಲ. ಪಾಪ, ಎಲ್ಲರಿಗೂ ಮೊದಲೇ ಗೊತ್ತಿತ್ತು, ನನಗಾಗಿ ಬಾಯಿಗೆ ಬೀಗ ಹಾಕಿಕೊಂಡಿದ್ದರು. ನಿಮ್ಮಮ್ಮನಿಗೆ ನಾನಿನ್ನೂ ಹೇಳಿಲ್ಲ.

ಪ್ರಾಕ್ಟೀಸಿಗೆ ಬಿಡುವೇ ಇಲ್ಲ, ಬರಲಾಗುವುದಿಲ್ಲ ಅಂತ ನೀನು ಬರೆದ ಕಾಗದವೂ ಈ ಒಂದು ತಿಂಗಳೊಳಗಿನದೇ. ತಂಡದಿಂದ ಬಿಟ್ಟದ್ದಕ್ಕೆ ನನಗೆ ಬೇಜಾರಿಲ್ಲ ಕಂದಾ, ಆಟ ಅಂದಮೇಲೆ ಅದೆಲ್ಲ ಇದ್ದದ್ದೇ. ಆಟವಿದ್ದಾಗ ನೀನು ಬರಲಿಲ್ಲ, ಅದಕ್ಕೂ ನನಗೆ ನೋವಾಗಲಿಲ್ಲ. ಆಟ ನಿಂತುಹೋದ ದಿನ, ಮನೆಗೆ ಹೋಗೋಣ ಅಂತ ನಿನಗೆ ಅನ್ನಿಸಲಿಲ್ಲವಲ್ಲ.