ಸೋಮವಾರದ ಫಾಲ್ಟ್

ಫೆಬ್ರವರಿ 3, ಸೋಮವಾರ ಬೆಳಿಗ್ಗೆ
ಬೇಗ ಲ್ಯಾಬಿಗೆ ಬಂದು, ತುಂಡು ವಿಂಗಡಿಸುವ ಮಷಿನ್‌ನಲ್ಲಿ ಬೇಕೆಂದೇ ಫಾಲ್ಟ್ ಇಟ್ಟೆ. ಈ ಸಲ ಸೆನ್ಸರ್‌ನ ಒಂದು ವೈರು ಸಡಿಲ. ಬೆಲ್ಟ್ ಓಡುತ್ತದೆ, ಲೋಹದ ತುಂಡು ಬಂದರೂ ತಳ್ಳುವ ಕೈ ಮುಂದೆ ಬರುವುದಿಲ್ಲ. ಹುಡುಕಿ ಸರಿಮಾಡಿದವರಿಗೆ ಮಾರ್ಕು. ಹೋದ ವರ್ಷದವರೆಗೆ ಹುಡುಗರು ಸ್ವಿಚ್ ಒತ್ತಿ, ಸೀನಿಯರ್‌ಗಳ ಜರ್ನಲ್‌ನಿಂದ ರೀಡಿಂಗ್ ಇಳಿಸಿಕೊಳ್ಳುತ್ತಿದ್ದರು. ಮೆಕಾಟ್ರಾನಿಕ್ಸ್ ಅಂದರೆ ಕೈಬರಹ ಎಂದಾಗಿತ್ತು.

ಫೆಬ್ರವರಿ 17
ಬಸವಲಿಂಗ ಇವತ್ತೂ ಫಾಲ್ಟ್ ಮೊದಲು ಹಿಡಿದ. ನಿಗಡಿಯ ಹುಡುಗ, ಮರಾಠಿಯವರೇ ತುಂಬಿದ ಕ್ಲಾಸಿನಲ್ಲಿ ನನ್ನೊಡನೆ ಕನ್ನಡ ಆಡುವವನು ಅವನೊಬ್ಬನೇ. ಬೀಗಿದ. ನಾನೂ ಸ್ವಲ್ಪ ಬೀಗಿದೆ... ಇಲ್ಲಿ ಬರೆಯಬಹುದು.
ಎಚ್‌ಒಡಿ ಹಣಮಂತ್ರಾಯರಿಗೆ ಸಮಾಧಾನವಿಲ್ಲ. "ಛಲೋ ಮಷಿನ್ ಕೆಡಿಸಿ ಏನ್ ಕಲಸ್ತೀರ್ರಿ ಮಾಧುರಿ? ತಪಾಸಣೆ ಕಮಿಟಿ ಬರೂದದ. ಅವ್ರ ಮುಂದ ಎಲ್ಲಾ ಓಡಬೇಕು. ಇಲ್ಲಂದ್ರ ನಿಮ್ಮ ಈ ಪದ್ಧತಿ ಬಂದ್."
ಹೌದ್ರಿ ಸರ್ ಅಂದೆ.

ಮಾರ್ಚ್ 18, ಸಂಜೆ
ನಾಳೆ ಕಮಿಟಿ. ಫಾಲ್ಟ್ ಎಲ್ಲ ತೆಗೆದೆ. ಹುಡುಗರಿಗೆ ಏನೂ ಹೇಳಲಿಲ್ಲ. ನೆಟ್ಟಗಿರುವುದರ ಬಗ್ಗೆ ಹೇಳುವುದೇನಿದೆ?

ಮಾರ್ಚ್ 19
ಕಮಿಟಿಯ ಹಿರಿಯರು "ಚಾಲೂ ಕರಾ" ಅಂದರು. ಬಸವಲಿಂಗ ಚಾಲೂ ಮಾಡಿದ. ತುಂಡು ಬಂತು, ಕೈ ತಳ್ಳಿತು. ಅವನು ನನ್ನ ಮುಖ ನೋಡಿದ. ಧೈರ್ಯಕ್ಕೆಂದು ನಕ್ಕೆ. ಅವನು ಬೇರೇನೋ ತಿಳಿದ. ಪವರ್ ತೆಗೆದು ಸೆನ್ಸರ್ ಬಿಚ್ಚಿದ. ಆಮೇಲೆ ಗಾಳಿಯ ಪೈಪು. ಗುಂಪಿನ ಉಳಿದವರೂ ಕೈಹಾಕಿದರು. ಮತ್ತೆ ಜೋಡಿಸಿದಾಗ ಮಷಿನ್ ಓಡಲೇ ಇಲ್ಲ. ಕಮಿಟಿ ಮುಂದಿನ ಲ್ಯಾಬಿಗೆ ಹೋಯಿತು.
"ಫಾಲ್ಟ್ ಎಲ್ಲಿತ್ರಿ ಮ್ಯಾಡಮ್?" ಬಸವಲಿಂಗ ಕೇಳಿದ.
"ಇರಲೇ ಇಲ್ಲೋ."
"ನೀವು ಇಟ್ಟೇ ಇಡತೀರಲ್ರಿ!"
ನಾಚಿಕೆಯಾಯಿತು. ನಾನು ಬಚ್ಚಿಟ್ಟದ್ದನ್ನು ಹುಡುಕಲು ಕಲಿಸಿದ್ದೆ. ಮಷಿನ್ ನೋಡಲು ಕಲಿಸಿರಲಿಲ್ಲ.

ಮಾರ್ಚ್ 24
ಹಣಮಂತ್ರಾಯರು ಬೈಯಲಿಲ್ಲ, ಚಹಾ ತರಿಸಿದರು. ಬೈದಿದ್ದರೆ ವಾಸಿಯಿತ್ತು. ಪ್ರಾಕ್ಟಿಕಲ್ ಪರೀಕ್ಷೆಯವರೆಗೆ ಬಿಡಿ, ನೋಡಿ ಆಮೇಲೆ ಬಂದ್ ಮಾಡಿ ಎಂದು ಕೇಳಿಕೊಂಡೆ.
"ನಾನಽ ಬಂದು ನಿಂದರತೀನ್ರಿ" ಅಂದರು.

ಏಪ್ರಿಲ್ 7
ಫಾಲ್ಟ್ ಇಡಲಿಲ್ಲ. ಹೇಳಲೂ ಇಲ್ಲ. ಎಲ್ಲ ಗುಂಪುಗಳೂ ಬಿಚ್ಚಿ ಹಾಕಿದವು. ಚಾಕಣದ ಕಾರ್ಖಾನೆಯಲ್ಲಿ ಹೀಗೆ ಮಾಡಿದರೆ ಗೇಟಿನಾಚೆ ದಬ್ಬುತ್ತಾರೆ ಅಂದೆ. ಸಿಟ್ಟಿನಲ್ಲೇ ಅಂದೆ.

ಏಪ್ರಿಲ್ 21, ಮಧ್ಯಾಹ್ನ
ಪರೀಕ್ಷೆ. ಬಸವಲಿಂಗನ ಸರದಿ. ಇವನಿಗೆ ಏನೂ ಇಟ್ಟಿಲ್ಲ. ಹಣಮಂತ್ರಾಯರು ಪಕ್ಕದಲ್ಲೇ. ಹುಡುಗ ಬೆಲ್ಟ್ ಓಡಿಸಿದ. ಲೋಹ, ಪ್ಲಾಸ್ಟಿಕ್, ಮತ್ತೆ ಲೋಹ. ಮೀಟರ್ ಹಚ್ಚಿ ನೋಡಿದ. ಸ್ಕ್ರೂಡ್ರೈವರ್ ಎತ್ತಿಕೊಂಡ, ಕೆಳಗಿಟ್ಟ. ನನ್ನ ಕಡೆ ತಿರುಗಲೇ ಇಲ್ಲ.
"ಏನೂ ಕೆಟ್ಟಿಲ್ರಿ."
"ಖಾತ್ರಿ ಅದ ಏನೋ?" ಹಣಮಂತ್ರಾಯರು ಕೇಳಿದರು.
"ಹೌದ್ರಿ ಸರ್. ಓಡಲಿಕ್ಕತ್ತೈತಿ, ನೋಡ್ರಿ."
ಹಣಮಂತ್ರಾಯರು ಬೆಲ್ಟ್ ನೋಡಲಿಲ್ಲ. ನನ್ನ ಮುಖ ನೋಡಿದರು. ನನಗೆ ನಗು ತಡೆಯಲಾಗಲಿಲ್ಲ. ಅವರು ಅಂಗಿಯ ತೋಳು ಮೇಲೇರಿಸಿ, ಸ್ಕ್ರೂಡ್ರೈವರ್ ತೆಗೆದುಕೊಂಡು, ಫಾಲ್ಟ್ ಹುಡುಕಲು ತಾವೇ ಸೆನ್ಸರ್ ಬಿಚ್ಚತೊಡಗಿದರು.