ಮೂವತ್ತೆಂಟನೆಯ ದಿನದ ನೀರು

ವಳಸಂಗ
24-12-2024, ಮಂಗಳವಾರ

ದೀಪಾಲಿಯ ಅಪ್ಪನವರಿಗೆ,

ಸುಗಲಾ ಮಾಡುವ ನಮಸ್ಕಾರ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಕೈ ಏಳುತ್ತಿಲ್ಲ. ಅತ್ತೆಯವರ ಮೊಣಕಾಲು ಕ್ಷೇಮ, ದೀಪಾಲಿ ಕ್ಷೇಮ, ಎಮ್ಮೆಯೂ ಕ್ಷೇಮ. ಕೆಳಗಿನ ಹೊಲದ ಮುನ್ನೂರು ದಾಳಿಂಬೆ ಗಿಡಗಳಂತೂ ಭಾಳ ಕ್ಷೇಮ. ಮೈತುಂಬ ಹಸಿರು ಚಿಗುರು ಬಿಟ್ಟುಕೊಂಡು ಮದುವೆ ಮನೆಯ ಹಾಗೆ ನಿಂತಿವೆ. ಅದನ್ನು ನೋಡಿಯೇ ನನ್ನ ಹೊಟ್ಟೆ ಉರಿಯುತ್ತಿದೆ.

ಈಗಿನ ಕಾಲದಲ್ಲಿ ಪತ್ರ ಯಾಕೆ ಎಂದು ನಗಬೇಡಿ. ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ವಾಟ್ಸಾಪಿನಲ್ಲಿ ಹೇಳಿ ಕಳಿಸೋಣವೆಂದರೆ ಮನೆಯಲ್ಲಿರುವ ಒಂದೇ ದೊಡ್ಡ ಫೋನು ಮಗಳ ಕೈಯಲ್ಲಿದೆ. ಗಂಡ ಹೆಂಡಿರ ಜಗಳ ಅವಳ ಕಿವಿಗೆ ಯಾಕೆ ಬೀಳಬೇಕು? ಅವಳು ಮರಾಠಿ ಶಾಲೆಯವಳು, ಮನೆಯಲ್ಲಿ ಕನ್ನಡ ಮಾತಾಡಿದರೂ ಓದಲು ಬರುವುದಿಲ್ಲ. ಈಗಷ್ಟೇ ಬಂದು ಬಗ್ಗಿ ನೋಡಿ, ಏನು ಬರೆಯುತ್ತಿ ಎಂದು ಕೇಳಿದಳು. ಕಿರಾಣಿ ಸಾಮಾನಿನ ಯಾದಿ ಎಂದೆ. ನಂಬಿ ಹೋದಳು. ಅಕ್ಕಲಕೋಟ ಕಡೆಯ ನನ್ನ ತವರೂರ ಕನ್ನಡ ಶಾಲೆಯಲ್ಲಿ ಕಲಿತದ್ದು ಇಷ್ಟು ವರ್ಷಕ್ಕೆ ಹೀಗೆ ಕೆಲಸಕ್ಕೆ ಬಂತು.

ವಿಷಯಕ್ಕೆ ಬರುತ್ತೇನೆ. ಬರುವ ಸೋಮವಾರ ಎಳ್ಳ ಅಮಾವಾಸ್ಯೆ. ಆವತ್ತೇ, ಒಣಗಲು ಬಿಟ್ಟಿರುವ ಮೇಲಿನ ಹೊಲದ ದಾಳಿಂಬೆಗೆ ಮೊದಲ ನೀರು ಬಿಡಬೇಕು. ಕೆಳಗಿನದು ಹೋಯಿತು, ಈ ವರ್ಷ ನಮಗೆ ಉಳಿದಿರುವುದು ಮೇಲಿನದೊಂದೇ. ಅಷ್ಟರೊಳಗೆ ಒಂದೋ ನೀವು ಮನೆಗೆ ಬರಬೇಕು, ಇಲ್ಲವೇ ಫೋನಿನ ಮೇಲೆ ಮೋಟಾರು ನಡೆಸುವ ಆ ಪೆಟ್ಟಿಗೆಯಿಂದ ನಿಮ್ಮ ನಂಬರು ತೆಗೆಸಿ ನನ್ನದು ಹಾಕಿಸಬೇಕು. ಎರಡರಲ್ಲಿ ಯಾವುದಾದರೂ ಒಂದು ಮಾಡಿ. ಸೊಲ್ಲಾಪುರದಾಚೆ ಚಿಂಚೋಳಿ ಎಂಐಡಿಸಿಯ ಕಾರ್ಖಾನೆಗಳ ನಡುವೆ ಗೋದಾಮಿನಲ್ಲಿ ಕುಳಿತು ಇಲ್ಲಿಯ ನೀರು ಆಳುವುದು ಇನ್ನು ಸಾಕು.

ಡಿಸೆಂಬರ್ ಹನ್ನೆರಡರಂದು ಏನಾಯಿತು ಎಂದು ನಿಮಗೆ ಯಾರೂ ಸರಿಯಾಗಿ ಹೇಳಿಲ್ಲ, ನಾನೇ ಹೇಳುತ್ತೇನೆ. ನೀರು ನಿಲ್ಲಿಸಿ ಗಿಡಗಳನ್ನು ತಾಣಕ್ಕೆ ಬಿಟ್ಟು ಆವತ್ತಿಗೆ ಮೂವತ್ತೆಂಟನೆಯ ದಿನ. ಎಲೆ ಹಳದಿಯಾಗಿ ಅರ್ಧಕ್ಕರ್ಧ ಉದುರಿದ್ದವು. ಇನ್ನು ಎರಡು ವಾರ ಬಾಯಿ ಕಟ್ಟಿ ಹಿಡಿದಿದ್ದರೆ ಆಗಿಹೋಗುತ್ತಿತ್ತು. ಬೆಳಿಗ್ಗೆ ಏಳಕ್ಕೆ ನಾನು ಎಮ್ಮೆ ಹಿಂಡುತ್ತಿದ್ದೆ. ಬಾವಿಯ ಕಡೆಯಿಂದ ಮೋಟಾರಿನ ಸಪ್ಪಳ ಬಂತು. ಹಾಲಿನ ಚರಿಗೆ ಅಲ್ಲೇ ಬಿಟ್ಟು ಓಡಿದೆ. ಕೆಳಗಿನ ಹೊಲದ ವಾಲ್ವ್ ತೆರೆದೇ ಇತ್ತು, ಪ್ರತಿ ಗಿಡದ ಬುಡದಲ್ಲೂ ಹನಿ ಹನಿ ನೀರು. ಅದನ್ನು ಮುಚ್ಚೋಣವೆಂದರೆ ಮೇಲಿನದು ಮೊದಲೇ ಮುಚ್ಚಿದೆ, ಎರಡೂ ಮುಚ್ಚಿದರೆ ಪೈಪು ಒಡೆಯುತ್ತದೆ. ಪೆಟ್ಟಿಗೆಗೆ ಗೊತ್ತಿರುವುದು ನಿಮ್ಮ ನಂಬರು ಒಂದೇ. ನಿಮಗೆ ಏಳು ಸಲ ಫೋನು ಹಚ್ಚಿದೆ. ನೀವು ಡ್ಯೂಟಿಗೆ ಹೋಗಿದ್ದಿರಿ, ಫೋನು ಲಾಕರಿನಲ್ಲಿತ್ತಂತೆ. ಹನ್ನೊಂದಕ್ಕೆ ಕರೆಂಟ್ ಹೋಯಿತು, ಆಗ ನಿಂತಿತು. ನಾಲ್ಕು ತಾಸು!

ತಾಣ ಅಂದರೆ ಏನು ಎಂದು ನನಗೆ ಕಲಿಸಿದವರು ನೀವೇ ಅಲ್ಲವೇನ್ರಿ? ಮದುವೆಯಾಗಿ ಬಂದ ಮೊದಲ ವರ್ಷ ಮೇಲಿನ ಹೊಲದ ಗಿಡ ಒಣಗುತ್ತಿವೆ ಎಂದು ನಾನು ಬಿಂದಿಗೆಯಲ್ಲಿ ನೀರು ಹೊತ್ತು ಹೊರಟಿದ್ದೆ. ನೀವು ಅಡ್ಡ ಬಂದು, "ಏ ಹುಚ್ಚಿ, ಈಗ ನೀರ ಕೊಟ್ರ ಅದಕ್ಕ ಸುಖಾ ಆಗತದ, ಬರೇ ಎಲಿ ಬಿಡತದ. ಜೀವಕ್ಕ ಬಂತಂದ್ರನ ಹೂ ಬಿಡತದ" ಎಂದಿದ್ದಿರಿ. ಆ ಬಿಂದಿಗೆಯ ನೀರಿನಲ್ಲಿ ನನ್ನ ಕೈಕಾಲು ತೊಳೆಸಿ ಮನೆಗೆ ಕಳಿಸಿದ್ದಿರಿ. ಅಷ್ಟು ತಿಳಿದವರು ಮೂವತ್ತೆಂಟನೆಯ ದಿನ ನೀರು ಬಿಟ್ಟಿರಿ.

ಕಿಸೆಯಲ್ಲಿ ಬಟನ್ ತಾನೇ ಒತ್ತಿಹೋಯಿತು ಎಂದು ದೀಪಾಲಿಗೆ ಹೇಳಿದಿರಂತೆ. ಅವಳು ಚಿಕ್ಕವಳು, ಪಪ್ಪಾ ಹೇಳಿದರೆ ಆಯಿತು. ನಾನು ಅವಳ ಫೋನಿನಲ್ಲಿ ಅದೇ ಆ್ಯಪ್ ತೆರೆಸಿ ನೋಡಿದೆ. ಮೋಟಾರು ಶುರು ಮಾಡು ಎಂದು ಒತ್ತಿದರೆ, ಖಾತ್ರಿಯೇ ಎಂದು ಅದು ಇನ್ನೊಮ್ಮೆ ಕೇಳುತ್ತದೆ. ಹೌದು ಎಂದು ಮತ್ತೆ ಒತ್ತಬೇಕು. ನಿಮ್ಮ ಕಿಸೆ ಎರಡೆರಡು ಸಲ ಹೌದು ಅನ್ನುತ್ತದೇನ್ರಿ? ಸುಳ್ಳು ಹೇಳುವುದಾದರೆ ಸ್ವಲ್ಪ ವಿಚಾರ ಮಾಡಿಯಾದರೂ ಹೇಳಬೇಕು.

ನಾನು ಮಷೀನಿನ ವೈರಿ ಎಂದು ಊರ ತುಂಬ ಹೇಳಿದ್ದೀರಿ, ಅದನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ಡ್ರಿಪ್ ಹಾಕಿಸೋಣ ಎಂದು ಎರಡು ವರ್ಷ ನಿಮ್ಮ ಬೆನ್ನು ಹತ್ತಿದವಳು ಯಾರು? ಕಳೆ ತೆಗೆಯುವ ಮಷೀನು ಬಂದಾಗ ನಿಮಗಿಂತ ಮೊದಲು ಹ್ಯಾಂಡಲ್ ಹಿಡಿದವಳು ಯಾರು? ಕೂಲಿಗೆ ಬರುವ ಜನಾಬಾಯಿ ಮತ್ತು ನಾನು ಅದನ್ನು ಇಡೀ ಮೇಲಿನ ಹೊಲದಲ್ಲಿ ಒಂದೇ ದಿನ ಆಡಿಸಿದ್ದೇವೆ. ಮಷೀನು ಬೇಡ ಎಂದು ನಾನು ಯಾವತ್ತೂ ಅಂದಿಲ್ಲ. ಹೊಲದಲ್ಲಿ ನಿಂತವಳ ಕೈಗೆ ಸಿಗದ ಮಷೀನು ಯಾಕೆ ಎಂದು ಕೇಳಿದೆ, ಅಷ್ಟೇ.

ಸೊಲ್ಲಾಪುರದ ಅಂಗಡಿಯ ಅವಿನಾಶ ಪೆಟ್ಟಿಗೆ ಕೂಡಿಸಲು ಬಂದ ದಿನ ನೆನಪಿದೆಯೇ? ಎಲ್ಲಿ ಕುಳಿತರೂ ಶುರು ಮಾಡಬಹುದು, ಮೋಟಾರಿನ ಸಪ್ಪಳ ಕೂಡ ಫೋನಿನಲ್ಲಿ ಕೇಳುತ್ತದೆ, ಅದರೊಳಗೆ ಮೈಕ್ ಇದೆ ಎಂದು ಅವನು ಕೊಂಡಾಡುತ್ತಿದ್ದ. ಯಾರ ನಂಬರು ಹಾಕೋಣ ಎಂದಾಗ ನಾನು ನನ್ನದನ್ನೂ ಹೇಳಿದೆ. ನೀವು, "ಆಕಿಗ್ಯಾಕ ಬೇಕು? ಆಕಿ ಹೊಲದಾಗನ ಇರ್ತಾಳಲ್ಲ" ಎಂದಿರಿ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ಒಳಗೆ ಎಲ್ಲಿ ಹೋಗಿ ಕುಳಿತಿತೋ ಏನೋ, ಗಣಪತಿ ಹಬ್ಬದ ಮರುದಿನ ನೀವು ತೋಟದಲ್ಲಿ ನಿಂತು ಗಿಡ ನೋಡುವುದು ಬಿಟ್ಟು ಫೋನು ನೋಡುತ್ತಿದ್ದಾಗ ಹೊರಗೆ ಬಂತು. ನಾಲ್ಕು ಜನ ಆಳುಗಳ ಮುಂದೆ ಅಂದುಬಿಟ್ಟೆ: "ಮೊಬೈಲನ್ಯಾಗನ ಒಕ್ಕಲತನ ಮಾಡೋದಿದ್ರ ಹೊಲಕ್ಯಾಕ ಬರ್ತೀರಿ? ಎಲ್ಲೆರೆ ಕುಂತ ಮಾಡ್ರಲ್ಲ."

ಹೌದು, ಮಾತು ನನ್ನದೇ. ಆದರೆ ಹೆಂಡತಿ ಸಿಟ್ಟಿನಲ್ಲಿ ಅಂದದ್ದನ್ನು ಹಾಗೇ ಪಾಲಿಸುವ ಗಂಡ ನಿಮ್ಮನ್ನು ಬಿಟ್ಟರೆ ಇನ್ನೊಬ್ಬನಿಲ್ಲ! ಎಂಟು ದಿನದಲ್ಲಿ ಗೋದಾಮಿನ ಕೆಲಸ ಹುಡುಕಿಕೊಂಡಿರಿ, ಅಲ್ಲೇ ಖೋಲಿ ಹಿಡಿದಿರಿ. ಬಸ್ಸಿನಲ್ಲಿ ಬಂದುಹೋಗುವ ದಾರಿ, ಈ ಊರಿಂದ ಎಷ್ಟು ಜನ ದಿನಾ ಸೊಲ್ಲಾಪುರಕ್ಕೆ ಹೋಗಿ ಬರುವುದಿಲ್ಲ? ಆದರೂ ಅಲ್ಲೇ ಕುಳಿತು ಒಕ್ಕಲತನ ಮಾಡಿ ತೋರಿಸಿದಿರಿ. ಎಷ್ಟು ಹಟ ನಿಮಗೆ!

ತಾಣಕ್ಕೆ ಬಿಡುವ ಮುಂಚೆ ಬೆಳಿಗ್ಗೆ ಮೋಟಾರು ಶುರುವಾದರೆ ಅತ್ತೆಯವರು ಹಾಸಿಗೆಯಲ್ಲೇ ಕೈ ಮುಗಿದು, "ಎದ್ದ ನೋಡ ನನ್ನ ಮಗಾ" ಅನ್ನುತ್ತಿದ್ದರು. ಜನಾಬಾಯಿಗೆ ಅದು ದಿನದ ಚೇಷ್ಟೆ. "ಸುಗಲವ್ವಾ, ನಿನ್ನ ಗಂಡ ಬಾವ್ಯಾಗ ಗುರ್ ಗುರ್ ಅನ್ನಾಕತ್ಯಾನ, ಚಾ ಒಯ್ದ ಕೊಟ್ಟ ಬಾ" ಎಂದು ನಗುತ್ತಿದ್ದಳು. ನಾನು ಬುಟ್ಟಿ ಎತ್ತಿಕೊಂಡು ಹೊಲಕ್ಕೆ ನಡೆಯುತ್ತಿದ್ದೆ. ಇದು ಎಂಥಾ ಸಂಸಾರ, ನೀವೇ ಹೇಳಿ.

ಈಗ ಕೆಳಗಿನ ಹೊಲಕ್ಕೆ ಹೋದರೆ ಕಣ್ಣಲ್ಲಿ ನೀರು ಬರುತ್ತದೆ. ಹೂವಿನ ಮೊಗ್ಗು ಬರಬೇಕಾದ ಕಡೆಯಲ್ಲೆಲ್ಲ ಎಲೆಯ ಚಿಗುರು. ಹನ್ನೊಂದು ವರ್ಷದ ಗಿಡಗಳು, ದೀಪಾಲಿ ಮೂರು ವರ್ಷದವಳಿದ್ದಾಗ ಹಚ್ಚಿದ್ದು. ಒಂದೊಂದು ಗುಣಿಗೂ ನೀವು ಮಣ್ಣು ಎಳೆದಿರಿ, ನಾನು ಗೊಬ್ಬರ ಹಾಕಿದೆ. ನನಗೆ ಸಿಟ್ಟು ಬಂದಿದೆ, ಬಹಳ ಬಂದಿದೆ. ಯಾರ ಮೇಲೆ ತೀರಿಸಿಕೊಳ್ಳಲಿ? ಬೈಯೋಣವೆಂದರೆ ನೀವು ಎದುರಿಗಿಲ್ಲ. ಹೋಗಿ ಆ ಪೆಟ್ಟಿಗೆಯನ್ನೇ ಬೈದು ಬರುತ್ತೇನೆ.

ಸೋಮವಾರ ಭಜ್ಜಿ, ಸಜ್ಜೆ ಕಡಬು, ಅಂಬಲಿ ಎಲ್ಲ ಮಾಡುತ್ತೇನೆ. ಬುಟ್ಟಿ ಹೊತ್ತು ಹೊಲಕ್ಕೆ ಬರುವವಳು ನಾನು. ಮುಂದೆ ನಡೆದು ಚರಗ ಚೆಲ್ಲುವವರು ಯಾರು? ಹೊಲದ ನಾಲ್ಕೂ ಮೂಲೆಗೆ ಮೊಬೈಲಿನಿಂದ ಅನ್ನ ಎರಚಲು ಬರುತ್ತದೇನ್ರಿ? ಅದಕ್ಕೊಂದು ಬಟನ್ ಇದ್ದರೆ ಒತ್ತಿ, ನೋಡೋಣ. ಇಲ್ಲದಿದ್ದರೆ ಬೆಳಗಿನ ಬಸ್ಸು ಹಿಡಿದು ಬನ್ನಿ. ಮೊದಲ ನೀರು ಯಾರ ಕೈಯಿಂದ ಬಿಡಬೇಕು ಎಂಬುದನ್ನು ಬಾವಿಯ ದಂಡೆಯಲ್ಲೇ ಜಗಳಾಡಿ ತೀರ್ಮಾನ ಮಾಡೋಣ.

ಮೋಟಾರು ರಿಪೇರಿಯ ಪ್ರಸಾದ ನಾಳೆ ನಿಮ್ಮ ಕಡೆಗೆ ಸಾಮಾನು ತರಲು ಬರುತ್ತಾನೆ. ಅವನ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಶೇಂಗಾ ಚಟ್ನಿಯ ಡಬ್ಬಿಯೂ ಇದೆ. ಅದು ಅತ್ತೆಯವರು ಕೊಟ್ಟದ್ದು, ನಾನಲ್ಲ.

ಇನ್ನೂ ಸಿಟ್ಟಿನಲ್ಲೇ ಇರುವ,
ನಿಮ್ಮ ಸುಗಲಾ

ತಾ.ಕ.: ಡಬ್ಬಿ ನಾನೇ ತುಂಬಿದ್ದು. ಇನ್ನೂ ಒಂದು ಮಾತು, ಪ್ರಸಾದನನ್ನು ಬೈಯಬೇಡಿ. ಪೆಟ್ಟಿಗೆಯ ಮಗ್ಗುಲಲ್ಲಿ ಒಂದು ಸಣ್ಣ ತಿರುಗಣಿ ಇದೆ. ಅದನ್ನು ತಿರುವಿದರೆ ಮೋಟಾರು ಫೋನಿನ ಮಾತು ಬಿಟ್ಟು ಕೈಯ ಮಾತು ಕೇಳುತ್ತದೆ. ನೀವು ಹೋದ ಎರಡನೆಯ ವಾರದಲ್ಲೇ ಅವನು ನನಗೆ ತೋರಿಸಿಕೊಟ್ಟಿದ್ದಾನೆ. ಅಂದರೆ ಹನ್ನೆರಡರಂದು ನಾನು ಎರಡು ನಿಮಿಷದಲ್ಲಿ ಬಂದ್ ಮಾಡಬಹುದಿತ್ತು. ಅದರ ಮೇಲೆ ಕೈಯನ್ನೂ ಇಟ್ಟಿದ್ದೆ. ಆದರೆ ಮೂವತ್ತೆಂಟು ದಿನ ಬಾವಿಯ ಕಡೆಯಿಂದ ಯಾವ ಸಪ್ಪಳವೂ ಇರಲಿಲ್ಲ, ನೀವು ಎದ್ದಿರೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ತಿರುವಲು ಮನಸ್ಸು ಬರಲಿಲ್ಲ. ಕರೆಂಟ್ ಹೋಗುವವರೆಗೆ ಅಲ್ಲೇ ಕುಳಿತಿದ್ದೆ. ಮುನ್ನೂರು ಗಿಡದ ಹೂವು ಕಳೆದದ್ದು ನೀವೊಬ್ಬರೇ ಅಲ್ಲ. ಅವಿನಾಶ ಮೈಕ್ ಇದೆ ಎಂದಿದ್ದನಲ್ಲ, ಓಡಿ ಬಂದ ಕೂಡಲೇ, ನೀವು ಫೋನಿಗೆ ಕಿವಿ ಹಚ್ಚಿರಬಹುದು ಎಂದು, ಪೆಟ್ಟಿಗೆಯ ಹತ್ತಿರ ಬಾಯಿ ತಂದು ಎರಡು ಸಲ ಕೆಮ್ಮಿದ್ದೆ. ಕೇಳಿಸಿತೇನ್ರಿ?