ಛಾವಣಿ ಹತ್ತಿದ ನಿಮ್ಮಪ್ಪ

ಲ್ಯಾಕವಾನಾ, ಬಫಲೋ ಪಕ್ಕ
ಜನವರಿ ೨೨, ಬೆಳಿಗ್ಗೆ

ನನ್ನ ಬಂಗಾರ ವಾಂಡಾ,

ಲಕೋಟೆಯ ಮೇಲೆ ನಿನ್ನ ಕನ್ಯಾಮಠದವರು ಇಟ್ಟ ಹೆಸರನ್ನೇ ಬರೆದಿದ್ದೇನೆ, ಒಳಗೆ ಮಾತ್ರ ನೀನು ವಾಂಡಾನೇ. ನಿಮ್ಮ ಮದರ್ ಬೇಸರಪಟ್ಟುಕೊಂಡರೆ ಹೆತ್ತವಳ ಹಟ ಎಂದು ಹೇಳಿಬಿಡು. ಹೇಗಿದ್ದೀಯೆ? ಕೆಮ್ಮು ಹೋಯಿತೇ? ನಸುಕಿನ ಪ್ರಾರ್ಥನೆಗೆ ಆ ಕಲ್ಲುನೆಲದ ಮೇಲೆ ನಿಲ್ಲುವಾಗ ನಾನು ಕಳಿಸಿದ ಉಣ್ಣೆಯ ಕಾಲುಚೀಲ ಹಾಕಿಕೊಳ್ಳುತ್ತೀಯೋ, ಅದನ್ನೂ ಯಾರಿಗೋ ದಾನ ಮಾಡಿಬಿಟ್ಟೆಯೋ? ನಾನು ಚೆನ್ನಾಗಿದ್ದೇನೆ, ಗಂಟಲೊಂದು ಕಟ್ಟಿಹೋಗಿದೆ. ಈ ಪತ್ರವನ್ನು ನಡೆದಾಡುತ್ತಾ ಓದಬೇಡ. ಕೂತು ಓದು.

ಕಳೆದ ಬೇಸಿಗೆಯಲ್ಲಿ ನಿಮ್ಮಪ್ಪ ಕೇಬಲ್ಲಿನವರೊಡನೆ ಫೋನಿನಲ್ಲೇ ಜಗಳವಾಡಿ ಸಂಪರ್ಕ ಕಿತ್ತು ಹಾಕಿಸಿದರು. ಮೊಬೈಲಿನಲ್ಲಿ ನೋಡಬಹುದು, ಇಂಟರ್ನೆಟ್ಟಿನಲ್ಲಿ ನೋಡಬಹುದು ಎಂದು ಚರ್ಚಿನಲ್ಲಿ ಸಿಕ್ಕವರೆಲ್ಲ ಬುದ್ಧಿ ಹೇಳಿದರು. ನಿಮ್ಮಪ್ಪನದು ಒಂದೇ ಮಾತು: "ಆಕಾಶದಲ್ಲಿ ಪುಕ್ಕಟೆ ಬರೋದನ್ನ ದುಡ್ಡು ಕೊಟ್ಟು ಯಾಕಯ್ಯಾ ನೋಡ್ಲಿ?" ಹಳೆಯ ಆಂಟೆನಾಕ್ಕೆ ಹೊಸ ವೈರು ಹಾಕಿ ಚಿಮಣಿಯ ಪಕ್ಕ ನಿಲ್ಲಿಸಿದರು. ಅದನ್ನು ಕೋಲ್ಡನ್ ಗುಡ್ಡದ ಟೀವಿ ಗೋಪುರಗಳ ಕಡೆಗೆ ಮುಖ ಮಾಡಿಸಿದರೆ ಬಫಲೋ ಫುಟ್‌ಬಾಲ್ ತಂಡದ ಭಾನುವಾರದ ಆಟ, ಅದೇ ಚೆಂಡು ತಬ್ಬಿಕೊಂಡು ಓಡುವ ಆಟವೆಲ್ಲ ಕನ್ನಡಿಯ ಹಾಗೆ ಕಾಣುತ್ತಿತ್ತು. ಬೇಲಿಯಾಚೆಯ ಮುರ್ಷಿದ್ ನೆನಪಿದ್ದಾನಲ್ಲ, ಉಕ್ಕಿನ ಕಾರ್ಖಾನೆಯಲ್ಲಿ ಅಪ್ಪನ ಜೊತೆ ಕುಲುಮೆಯ ಮುಂದೆ ಬೆಂದವನು? ಅವನೂ ಕೇಬಲ್ ಬಿಟ್ಟ, ನಮ್ಮ ಆಂಟೆನಾದಿಂದಲೇ ಒಂದು ವೈರು ಎಳೆದುಕೊಂಡ. ಹಾಗಾಗಿ ಒಂದು ಕಂಬಕ್ಕೆ ಎರಡು ಮನೆ. ಗಾಳಿಗೆ ಅದು ಚೂರು ತಿರುಗಿದರೆ ಪೋಲೆಂಡಿನ ನಮ್ಮ ಮನೆಯಲ್ಲೂ ಬೈಗುಳ, ಯೆಮನ್ನಿನ ಅವನ ಮನೆಯಲ್ಲೂ ಬೈಗುಳ.

ಮೊನ್ನೆ ಭಾನುವಾರ ಸೋತವರು ಮನೆಗೆ ಎನ್ನುವಂಥ ಆಟ. ಬೆಳಗಿನಿಂದಲೇ ಸರೋವರದ ಕಡೆಯಿಂದ ಹಿಮಗಾಳಿ. ಯಾರೂ ಗಾಡಿ ತೆಗೆಯಬಾರದು ಎಂದು ಊರಿಗೆಲ್ಲ ಅಪ್ಪಣೆಯಾಗಿತ್ತು. ಮುರ್ಷಿದ್ ಹೆಂಡತಿ ಫತಿಯಾ ಜೇನು ಸುರಿದ ಪದರರೊಟ್ಟಿ ಕಳಿಸಿದ್ದಳು, ನಾನು ಆಲೂಗಡ್ಡೆ ತುಂಬಿದ ಪಿಯೆರೋಗಿ ಕಡುಬು ಬೇಯಿಸಿದ್ದೆ. ಅಪ್ಪನೂ ಮುರ್ಷಿದ್ದೂ ನಮ್ಮ ಹಜಾರದಲ್ಲಿ ಕೂತು, ತಾವೇ ಮೈದಾನದಲ್ಲಿ ಇರುವವರ ಹಾಗೆ ಕೂಗುತ್ತಿದ್ದರು. ಕೊನೆಯ ಕಾಲುಭಾಗದ ಆಟ, ನಮ್ಮವರು ಚೂರೇ ಹಿಂದೆ. ಅಷ್ಟರಲ್ಲಿ ಚಿತ್ರ ಚೌಕಚೌಕವಾಗಿ ಒಡೆದು ಕಪ್ಪಾಯಿತು. ಮುರ್ಷಿದ್ ಟೀವಿಯ ಹಿಂದಿನ ವೈರು ಅಲುಗಿಸುತ್ತಾ ಕೂತ. ಅಪ್ಪ ಎದ್ದು ಹೋದರು. ಬಚ್ಚಲಿಗೆ ಹೋದರೆಂದುಕೊಂಡೆ. ಎದೆಯೊಳಗೆ ಸ್ಟೆಂಟ್ ಹಾಕಿಸಿಕೊಂಡ ಮನುಷ್ಯ, ಏಣಿ ಮುಟ್ಟಬೇಡಿ ಎಂದು ಡಾಕ್ಟರು ನನ್ನೆದುರೇ ಹೇಳಿದ್ದಾರೆ. ಬೇರೇನೆಂದು ಅಂದುಕೊಳ್ಳಲಿ?

ತಲೆಯ ಮೇಲೆ ದಡಬಡ ಹೆಜ್ಜೆ ಕೇಳಿಸಿತು. "ಬಂತೇನೇ?" ಎಂದು ಚಿಮಣಿಯ ಕಡೆಯಿಂದ ಕೂಗು. "ಬ್ರೋನೆಕ್, ಇಳಿ ಕೆಳಗೆ! ಇಳಿ ಅಂದೆ!" ಎಂದು ನಾನು. ಅಷ್ಟರಲ್ಲಿ ಚಿತ್ರ ಬಂದೇಬಿಟ್ಟಿತು. ಮುರ್ಷಿದ್ "ಬಂತು, ಬಂತು!" ಎಂದು ಕುಣಿದ. ಮೇಲಿನಿಂದ ಏನೋ ಜಾರಿದ ಸದ್ದು, ಆಮೇಲೆ ಅಂಗಳದಲ್ಲಿ ಏಣಿ ಬಿದ್ದ ಸದ್ದು.

ಅಟ್ಟಕ್ಕೆ ಹೇಗೆ ಓಡಿದೆನೋ ತಿಳಿಯದು. ನಿನ್ನ ಹಳೆಯ ಕೋಣೆಯ ಆ ಪುಟ್ಟ ಕಿಟಕಿಯನ್ನು ಗುದ್ದಿ ತೆರೆದೆ. ಅಪ್ಪ ಚಿಮಣಿಯ ಬುಡದಲ್ಲಿ ಮಗ್ಗುಲಾಗಿ ಬಿದ್ದಿದ್ದರು. ಒಂದು ತೋಳು ಆಂಟೆನಾದ ಕಂಬವನ್ನು ತಬ್ಬಿತ್ತು, ಒಂದು ಕಾಲು ಉಳುಕಿ ಹಿಂದಕ್ಕೆ ತಿರುಗಿತ್ತು. ನಾನು ಸೊಂಟದವರೆಗೆ ಹೊರಗೆ ಬಾಗಿದರೆ ಅವರ ಬೂಟಿನ ಹಿಮ್ಮಡಿ ಸಿಗುತ್ತಿತ್ತು, ಅಷ್ಟೇ. ಮುರ್ಷಿದ್ ಏಣಿ ಎತ್ತಿ ನಿಲ್ಲಿಸಿದ, ಗಾಳಿ ಕೆಡವಿತು. ಮತ್ತೆ ಎತ್ತಿದ, ಮತ್ತೆ ಕೆಡವಿತು. ಕೊನೆಗೆ ಅವನು ತಂದುಕೊಟ್ಟ ಹಗ್ಗವನ್ನು ನಾನು ಅಪ್ಪನ ಕಾಲಿಗೆ ಬಿಗಿದು, ಇನ್ನೊಂದು ತುದಿಯನ್ನು ನಿನ್ನ ಮಂಚದ ಕಾಲಿಗೆ ಸುತ್ತಿದೆ. ಅಗ್ನಿಶಾಮಕದವರಿಗೆ ಫೋನು ಮಾಡಿದರೆ, ಎತ್ತಿಕೊಂಡ ಹುಡುಗಿ, "ಹಿಮ ತಳ್ಳೋ ಗಾಡಿ ಹಿಂದೇನೇ ಬರ್ಬೇಕಮ್ಮಾ, ತಡ ಆಗುತ್ತೆ. ಅವ್ರನ್ನ ಮಾತಾಡಿಸ್ತಾನೇ ಇರಿ, ನಿದ್ದೆ ಹೋಗೋಕೆ ಬಿಡ್ಬೇಡಿ" ಎಂದಳು.

ಏನು ಮಾತಾಡಿಸಲಿ ಹೇಳು? ನಮ್ಮ ಮದುವೆಯ ದಿನದ ಮಾತೆತ್ತಿದೆ, ಹೂಂ ಇಲ್ಲ, ಉಹೂಂ ಇಲ್ಲ. ಅವರಮ್ಮನ ಹೆಸರೆತ್ತಿದೆ, ಇಲ್ಲ. ರೆಪ್ಪೆಯ ಮೇಲೆ ಹಿಮ ಕೂರುತ್ತಿತ್ತು, ಅವರು ಒರೆಸಿಕೊಳ್ಳುತ್ತಿರಲಿಲ್ಲ. ಆಗ ಕೆಳಗೆ ಮೆಟ್ಟಿಲ ಬಳಿ ನಿಂತಿದ್ದ ಮುರ್ಷಿದ್ ತಡೆಯಲಾರದೆ, "ಚೆಂಡು ನಮ್ದಾಯ್ತು ಅಕ್ಕಾ!" ಎಂದು ಕಿರುಚಿದ. ನಾನು ಅದನ್ನೇ ಹೊರಗೆ ಕಿರುಚಿದೆ. ಅಪ್ಪನ ತುಟಿ ಅಲುಗಿತು. "ಎಷ್ಟು ಗಜ ಬಾಕಿ?"

ಅಷ್ಟು ಸಾಕಾಯಿತು. ಮುರ್ಷಿದ್ ಟೀವಿ ನೋಡಿ ನನಗೆ ಕೂಗುವುದು, ನಾನು ಅಪ್ಪನಿಗೆ ಕೂಗುವುದು. ಆ ಆಟದ ತಲೆಬುಡ ನನಗೆ ಗೊತ್ತಿಲ್ಲದ್ದು ನಿನಗೇ ಗೊತ್ತು. "ಆ ದಪ್ಪನೆಯವನು ಈ ದಪ್ಪನೆಯವನ ಮೇಲೆ ಬಿದ್ದ" ಎಂದೆ. "ಯಾವ ದಪ್ಪನೆಯವನೇ?" ಎಂದು ಅಪ್ಪ ರೇಗಿದರು. ಅವರು ರೇಗಿದ್ದು ಕೇಳಿ ನನಗೆ ಜೀವ ಬಂದಂತಾಯಿತು. ಕೊನೆಯ ಒದೆತದ ಹೊತ್ತಿಗೆ ಮುರ್ಷಿದ್ ಮೆಟ್ಟಿಲು ಹತ್ತುವ ಸದ್ದಾಯಿತು. ತಿರುಗಿ ನೋಡಿದೆ. ಅರ್ಧದಲ್ಲೇ ನಿಂತು ಇಲ್ಲವೆಂದು ತಲೆಯಾಡಿಸಿದ. ಚೆಂಡು ಗೋಲಿನ ಕಂಬಕ್ಕೆ ಬಡಿದು ಆಚೆ ಹೋಗಿತ್ತು. ಮುಗಿದಿತ್ತು.

ಹೊರಗೆ ಬೆಳಕು ಇಳಿಯುತ್ತಿತ್ತು. ಗಾಡಿಯ ಸದ್ದಿಲ್ಲ. ಆಟ ಮುಗಿಯಿತೆಂದರೆ ಈ ಮನುಷ್ಯ ಕಣ್ಣು ಮುಚ್ಚುತ್ತಾನೆ ಎನ್ನಿಸಿತು. "ಇನ್ನೂ ಟೈಮ್ ಇದೆ, ಆಟ ನಿಲ್ಸಿ ಮಾತಾಡ್ಕೊಳ್ತಿದ್ದಾರೆ" ಎಂದೆ. ಅಲ್ಲಿಂದ ಮುಂದೆ ನಾನೇ ಆಟ ಕಟ್ಟಿದೆ ಮಗಳೇ. ನಮ್ಮವರನ್ನು ಓಡಿಸಿದೆ, ಬೀಳಿಸಿದೆ, ಎಬ್ಬಿಸಿದೆ. ನನಗೆ ಗೊತ್ತಿದ್ದ ಒಬ್ಬನೇ ಆಟಗಾರನ ಹೆಸರು ಹೇಳಿ, ಅವನ ಕೈಗೆ ಮತ್ತೆ ಮತ್ತೆ ಚೆಂಡು ಕೊಟ್ಟೆ. ಅಪ್ಪ ಬಹಳ ಹೊತ್ತು ಕೇಳಿಸಿಕೊಂಡರು. ಆಮೇಲೆ, "ಹಲೀನಾ, ಅವನ ಕಾಲು ಅಕ್ಟೋಬರ್‌ನಲ್ಲೇ ಮುರಿದಿದೆ. ಎಲ್ಲಿಂದ ಓಡಿ ಬಂದ?" ಎಂದರು. ಅವರೇ ಮತ್ತೆ ಕೇಳಿದರು: "ಸೋತ್ವಾ?" "ಸೋತ್ವಿ, ಬ್ರೋನೆಕ್."

ಅವರು ಆಕಾಶ ನೋಡುತ್ತಾ ಮಲಗಿದರು. ನಾನು ಬೂಟನ್ನು ಬಿಡದೆ ಹಿಡಿದಿದ್ದೆ. ಆಮೇಲೆ ತಾವಾಗಿಯೇ ಮಾತು ತೆಗೆದರು, ಬೀದಿಯ ತುದಿಯಲ್ಲಿ ಕೆಂಪು ದೀಪ ಕಾಣುವವರೆಗೂ ನಿಲ್ಲಿಸಲಿಲ್ಲ. ಅಗ್ನಿಶಾಮಕದ ಇಬ್ಬರು ಅವರನ್ನು ಪಟ್ಟಿಗಳಲ್ಲಿ ಕಟ್ಟಿ ಮಗುವಿನ ಹಾಗೆ ಇಳಿಸಿದರು. ಆಂಟೆನಾದಿಂದ ಅವರ ತೋಳು ಬಿಡಿಸಲು ತಿಣುಕಾಡಬೇಕಾಯಿತು. ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡು ನಿನ್ನೆ ಸಂಜೆ ಕಳಿಸಿದರು. ಪಾದಕ್ಕೆ ಪಟ್ಟಿ, ಹಿಮ ಕಚ್ಚಿದ ಬೆರಳುಗಳಿಗೆ ಬ್ಯಾಂಡೇಜು. ಈಗ ಅಡುಗೆಮನೆಯಲ್ಲಿ ಕೂತು ಬೀಟ್‌ರೂಟ್ ಸೂಪನ್ನು ನನ್ನ ಕೈಯಿಂದ ಕುಡಿಸಿಕೊಂಡು, ಉಪ್ಪು ಕಮ್ಮಿ ಎನ್ನುತ್ತಿದ್ದಾರೆ. ಮುರ್ಷಿದ್ ಬೆಳಿಗ್ಗೆ ಬಂದು, "ಇನ್ನೊಂದು ಸಲ ಹತ್ತಿದ್ರೆ ನಿನ್ನ ಆಂಟೆನಾ ಕೊಯ್ದು ಸರೋವರಕ್ಕೆ ಎಸೀತೀನಿ ಕಣೋ" ಎಂದು ಬೈದು, ಬಾಗಿಲಾಚೆ ನಿಂತು ಕಣ್ಣೊರೆಸಿಕೊಂಡ.

ಫತಿಯಾ ನಿನ್ನನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ. ನಿನ್ನ ಜೊತೆಯ ಸಿಸ್ಟರುಗಳಿಗೆಲ್ಲ ನನ್ನ ನಮಸ್ಕಾರ. ದೇವಮಾತೆ ನಿನ್ನನ್ನು ತನ್ನ ಸೆರಗಿನೊಳಗೆ ಬೆಚ್ಚಗೆ ಇಟ್ಟುಕೊಳ್ಳಲಿ.

ನಿನ್ನ ಅಮ್ಮ,
ಹಲೀನಾ

ಮರೆತಿಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ಆಸ್ಪತ್ರೆಯವರು ಎದೆ ಪರೀಕ್ಷೆ ಮಾಡಿ, ಹೃದಯದ ಕವಾಟ ಹಾಳಾಗಿದೆ, ಮುಂದಿನ ವಾರವೇ ತೆರೆದು ಸರಿಪಡಿಸಬೇಕು ಎಂದಿದ್ದಾರೆ. ನೀನು ಕನ್ಯಾಮಠದ ಒಳಗೆ ಹೋದ ದಿನ ಕಾರಿನಿಂದ ಇಳಿಯದೆ ಕೂತಿದ್ದ ನಿಮ್ಮಪ್ಪ, ಅಂದಿನಿಂದ ನಿನ್ನ ಹೆಸರೆತ್ತದ ನಿಮ್ಮಪ್ಪ, ಛಾವಣಿಯ ಮೇಲೆ ಅಷ್ಟು ಹೊತ್ತು ಆಡಿದ್ದೆಲ್ಲ ನಿನ್ನ ಮಾತೇ. ಆಪರೇಷನ್‌ಗೆ ಮುಂಚೆ ನಿನ್ನನ್ನು ನೋಡಬೇಕಂತೆ. ಶನಿವಾರ ಮುರ್ಷಿದ್ ಅವರನ್ನು ಕಾರಿನಲ್ಲಿ ನಿಮ್ಮಲ್ಲಿಗೆ ಕರೆತರುತ್ತಾನೆ. ಮದರ್ ಹತ್ತಿರ ಅಪ್ಪಣೆ ಕೇಳಿಕೋ. ಮಠದ ಭೇಟಿಯ ಕೋಣೆಯಲ್ಲಿ ಮಧ್ಯೆ ಜಾಲರಿ ಇರುತ್ತದೆ ಎಂದು ಹೇಳಿದ್ದೇನೆ, ಇರಲಿ ಎಂದರು. ಅವರು ಬೈದರೆ ಬೈಸಿಕೋ. ನೀನು ಮಾತ್ರ ಅಳಬೇಡ. ನೀನು ಅತ್ತರೆ ಅವರೂ ಅಳುತ್ತಾರೆ, ಆ ಎದೆಗೆ ಈಗ ಅದಾಗದು.